ಬಲಗಡೆಯ ಹೂವು ಮತ್ತು ಎಫ್ ನೈನ್

ನನ್ನ ಹಳೆಯ ಲ್ಯಾಪ್‌ಟಾಪಿನ ಎಫ್ ನೈನ್ ಕೀ ಮೊನ್ನೆ ಕಿತ್ತುಕೊಂಡು ಕೈಗೇ ಬಂತು. ವಿನೋಬನಗರದ ರಿಪೇರಿ ಅಂಗಡಿಯವನು ಅದನ್ನು ತಿರುಗಿಸಿ ನೋಡಿ, "ಉಳಿದಿದ್ದೆಲ್ಲ ಚೆನ್ನಾಗಿದೆ, ಇದೊಂದೇ ಸವೆದಿದೆ. ಯಾವ ಗೇಮ್ ಆಡ್ತೀರಿ ಸಾರ್?" ಎಂದ. ಸಂಭವನೀಯತೆ ಅಂದೆ. ಮುಂದೆ ಕೇಳಲಿಲ್ಲ, ಪುಣ್ಯಾತ್ಮ.

ನಿಮಗೆ ಹೇಳುತ್ತೇನೆ, ಕೇಳಿ. ಭದ್ರಾವತಿಯ ಕಾಲೇಜೊಂದರಲ್ಲಿ ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ನಾಣ್ಯ, ದಾಳ ಎಂದರೆ ಆಕಳಿಸುವ ಆ ಮಕ್ಕಳಿಗಾಗಿ ಒಂದು ಆಟ ಕಟ್ಟಿದೆ. ದೇವರ ಮುಂದೆ ಪ್ರಸಾದ ಕೇಳುತ್ತೇವಲ್ಲ, ಮೂರ್ತಿಯ ಬಲಗಡೆಯಿಂದ ಹೂವು ಬಿದ್ದರೆ ಆಗಲಿ, ಎಡಗಡೆಯಿಂದ ಬಿದ್ದರೆ ಬೇಡ ಎಂದು. ಅದನ್ನೇ ಸ್ಪ್ರೆಡ್‌ಶೀಟಿಗೆ ಹಾಕಿದೆ. ಎಫ್ ನೈನ್ ಒತ್ತಿದರೆ ಸಾಲಿಗೊಂದರಂತೆ ಸಾವಿರ ಹೂವು ಹೊಸದಾಗಿ ಬೀಳುತ್ತವೆ, ಹೆಚ್ಚುಕಡಿಮೆ ಅರ್ಧ ಬಲ, ಅರ್ಧ ಎಡ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಒಂದು ನಿಯಮವನ್ನು ಮಾತ್ರ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದೆ: ಎಷ್ಟು ಸಲ ಒತ್ತುತ್ತೀರೆಂದು ಮೊದಲೇ ಹೇಳಬೇಕು, ಬೇಕಾದ್ದು ಬರುವವರೆಗೆ ಒತ್ತುವಂತಿಲ್ಲ.

ಮಲವಗೊಪ್ಪದಿಂದ ಬರುತ್ತಿದ್ದ ಶಶಿಕಲಾ ಎದ್ದು ನಿಂತಳು. "ಸಾರ್, ಮೂರು ಸಲ ಕೇಳಿದ್ರೆ ಒಂದ್ಸಲನಾದ್ರೂ ಬಲ ಬರೋದು ಎಷ್ಟು?"

"ಎಂಟರಲ್ಲಿ ಏಳು ಪಾಲು."

ಬರೆದುಕೊಂಡು ಕೂತಳು. ಪರೀಕ್ಷೆಗೆ ಇರಬೇಕು ಎಂದುಕೊಂಡೆ, ದಡ್ಡ ನಾನು.

ವಾರದ ಮೇಲೆ ಗೊತ್ತಾಯಿತು. ಅವಳನ್ನು ಶಿವಮೊಗ್ಗಕ್ಕೆ ಡಿಗ್ರಿಗೆ ಕಳಿಸಬೇಕೋ, ಓದು ಅಲ್ಲಿಗೇ ನಿಲ್ಲಿಸಬೇಕೋ ಎಂದು ಅವಳನ್ನು ಸಾಕಿದ ಅಜ್ಜಿ ಶುಕ್ರವಾರ ಪ್ರಸಾದ ಕೇಳುವವರಿದ್ದರು. ಇವಳು ಕಾಡಿ ಬೇಡಿ ಮೂರು ಸಲ ಕೇಳಲು ಒಪ್ಪಿಸಿದ್ದಳು. ಒಂದು ಬಲ ಬಿದ್ದರೂ ಕಾಲೇಜು. "ಏಳು ಪಾಲು ಇದೆಯಲ್ಲ ಸಾರ್, ಭಯ ಇಲ್ಲ" ಎಂದಳು. ಭಯ ನನಗೆ ಶುರುವಾಯಿತು. ಉಳಿದ ಒಂದು ಪಾಲು? ಅಲ್ಲದೆ ಒದ್ದೆ ಹೂವು ನಾಣ್ಯವಲ್ಲ. ಅರ್ಚಕರು ಎಡಗಡೆಯದನ್ನು ಹಗುರವಾಗಿ ಅಂಟಿಸಿದ್ದರೆ ನನ್ನ ಲೆಕ್ಕದ ಗತಿಯೇನು? ಹೀಗೆಲ್ಲ ಯೋಚಿಸುವವನಿಗೆ ದೇವರಲ್ಲಿ ನಂಬಿಕೆ ಇದೆಯೋ ಇಲ್ಲವೋ, ಅದೂ ತಿಳಿಯಲಿಲ್ಲ. ಆ ಶುಕ್ರವಾರ ಲ್ಯಾಬಿನಲ್ಲಿ ಇದೇ ಲ್ಯಾಪ್‌ಟಾಪಿನ ಮುಂದೆ ಕೂತು ಒತ್ತಿದೆ, ಒತ್ತಿದೆ. ಮೊದಲ ಮೂರು ಸಾಲು ಎಡ, ಎಡ, ಎಡ ಎಂದು ಬಂದಾಗಲೆಲ್ಲ ಮತ್ತೆ ಒತ್ತಿದೆ.

ಸೋಮವಾರ ಬಂದಳು. "ಮೂರೂ ಎಡ ಬಿತ್ತು ಸಾರ್."

"ಅಯ್ಯೋ! ಅಜ್ಜಿ ಏನಂದ್ರು?"

"ಅರ್ಚಕರಿಗೆ ಬೈದ್ರು. 'ಹೂವು ಸರಿಯಾಗಿ ಇಟ್ಟಿಲ್ಲ ಮಾರಾಯ್ರೆ, ಮತ್ತೆ ಇಡಿ' ಅಂದ್ರು. ನಾಲ್ಕನೇದೂ ಎಡ. 'ಬಲ ಕೊಡೋವರೆಗೂ ಏಳಲ್ಲ ತಾಯಿ' ಅಂತ ಅಲ್ಲೇ ಕೂತ್ಬಿಟ್ರು. ಆರನೇದು ಬಲ."

"ಕಳಿಸೋ ಮನಸ್ಸಿದ್ದಮೇಲೆ ದೇವರನ್ನ ಯಾಕೆ ಕೇಳಿದ್ರು?"

"ಓದು ಸಾಕು ಅನ್ನೋ ದೊಡ್ಡಪ್ಪಂದಿರು ಕೇಳಿದ್ರೆ ದೇವಿ ಹೇಳಿದ್ಲು ಅನ್ಬೋದಲ್ಲ ಸಾರ್."

"ನನ್ನ ರೂಲು?"

"ಅಜ್ಜಿಗೆ ಹೇಳೋ ಧೈರ್ಯ ನಂಗಿಲ್ಲ, ನೀವೇ ಹೇಳಿ."

ನನಗೆ ಕುಣಿಯುವಷ್ಟು ಖುಷಿಯಾಯಿತು, ಸಿಟ್ಟೂ ಬಂತು. ಅಜ್ಜಿ ಮಾಡಿದ್ದು ಭಕ್ತಿಯೋ ಮೋಸವೋ ಇವತ್ತಿಗೂ ಬಗೆಹರಿದಿಲ್ಲ. ಶಶಿಕಲಾ ಡಿಗ್ರಿ ಮುಗಿಸಿದಳೆಂದು ಕೇಳಿದೆ; ಆಮೇಲೆ ಸುದ್ದಿಯಿಲ್ಲ.

ಅಂಗಡಿಯವನು ಹೊಸ ಕೀ ಕೂರಿಸಿ, "ಒತ್ತಿ ನೋಡಿ ಸಾರ್" ಎಂದ. ಆ ಹಳೆಯ ಆಟವನ್ನೇ ತೆರೆದೆ. ಮೊದಲ ಸಾಲಿನ ಹೂವು, ಒಂದೇ ಸಲ ಎಂದು ನಿಶ್ಚಯಿಸಿ ಮನಸ್ಸಿನಲ್ಲೇ ಕೇಳಿಕೊಂಡೆ: ಆ ಹುಡುಗಿ ಎಲ್ಲಿದ್ದರೂ ಚೆನ್ನಾಗಿದ್ದಾಳಾ? ಎಡ ಬಂತು. ಮತ್ತೆ ಒತ್ತಿದೆ. ಎಡ.

"ಕೀ ಸರಿಯಾಯ್ತಲ್ಲ ಸಾರ್?"

"ಇನ್ನೂ ಇಲ್ಲ, ತಡಿ ಮಾರಾಯ" ಎಂದು ಮತ್ತೆ ಒತ್ತಿದೆ.