ಬರೆಯದೆ ಬಿಟ್ಟ ಟೆಸ್ಟು

ಲ್ಯಾಬ್ ಮೇಡಂ ಅವರ ಬಲಗೈ ಹೆಬ್ಬೆರಳು, ತೋರುಬೆರಳುಗಳ ಉಗುರಿನ ಸಂದಿಯಲ್ಲಿ ನೇರಳೆ ಬಣ್ಣ ಇಳಿದುಬಿಟ್ಟಿತ್ತು. ಕುಣಿಗಲ್‌ನ ಸರ್ಕಾರಿ ಲ್ಯಾಬಿನಲ್ಲಿ ವರ್ಷಗಟ್ಟಲೆ ಸ್ಲೈಡಿಗೆ ರಕ್ತ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದ ಕೈ ಅದು. ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಒಂದು ಸೋಮವಾರ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ನನ್ನ ತಮ್ಮನಿಗೆ ವಸಡಿನ ರಕ್ತ ನಿಲ್ಲುತ್ತಿರಲಿಲ್ಲ. ರಕ್ತದ ಕ್ಯಾನ್ಸರ್ ಅಂದಿದ್ದರು. ಡಾಕ್ಟರ ರೂಮಿನ ಹೊರಗೆ ಕೂತಿದ್ದಾಗ ಪಕ್ಕದ ಕುರ್ಚಿಯ ಹೆಂಗಸು, ಗುರುತು ಪರಿಚಯ ಒಂದೂ ಇಲ್ಲದೆ, "ಜೀನ್ ಟೆಸ್ಟ್ ಬರ್ದವ್ರಾ?" ಅಂತ ಕೇಳಿದರು. ನಾನು ಹಾಗೆಂದರೇನು ಅಂದೆ.

ಹೆಸರು ಒಂದೇ ಆದರೂ ಈ ಕಾಯಿಲೆಯಲ್ಲಿ ಹಲವು ಜಾತಿಗಳಿವೆಯಂತೆ. ಕೆಲವು ಉಗ್ರ ಜಾತಿಗಳು ಮಾಮೂಲಿ ಔಷಧಿಗೆ ಬಗ್ಗುವುದಿಲ್ಲ. ಅಂಥ ಒಂದು ಜಾತಿಗೆ ಮೊದಲಿಂದಲೇ ಬೇರೊಂದು ಮಾತ್ರೆ ಸೇರಿಸಬೇಕು. ಯಾವ ಜಾತಿ ಅನ್ನುವುದು ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಜೀನ್ ನೋಡಿದರೆ ಮಾತ್ರ ಗೊತ್ತಾಗುತ್ತದೆ. ನೂರಾರು ಜೀನ್ ನೋಡುವ ದುಬಾರಿ ಟೆಸ್ಟೇ ಆಗಬೇಕೆಂದಿಲ್ಲ, ಅಪಾಯದ ನಾಲ್ಕೈದನ್ನಷ್ಟೇ ನೋಡುವ ಲ್ಯಾಬು ಬೆಂಗಳೂರಲ್ಲಿದೆ, ನಮ್ಮಂಥವರ ಕೈಗೆ ಎಟುಕುತ್ತದೆ ಅಂದರು.

"ಬರೀದಿದ್ರೆ ಬರ್ಸ್ಕೊಂಡೇ ಎದ್ದು ಬಾಮ್ಮ."

ಒಳಗೆ ಹೋಗಿ ಕೇಳಿದೆ. ಅದೆಲ್ಲ ಈಗ ಬೇಡ, ಆಮೇಲೆ ನೋಡೋಣ ಅಂದರು ಡಾಕ್ಟರು. ನಾನು ಏಳಲಿಲ್ಲ. ಅವರು ತಲೆ ಎತ್ತಿ, "ಹೊರಗೆ ಆ ಹೆಂಗ್ಸು ಕೂತಿದಾಳಾ?" ಅಂತ ಕೇಳಿ, ಬರೆದುಕೊಟ್ಟರು.

ತಮ್ಮನ ಮೂಳೆ ಮಜ್ಜೆಯ ಸ್ಯಾಂಪಲ್ಲನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟುಕೊಂಡು ಮೇಡಂ ತಾವೇ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರು. ಹತ್ತನೇ ದಿನ ರಿಪೋರ್ಟ್ ಬಂತು. ಉಗ್ರ ಜಾತಿಯೇ. ಆವತ್ತೇ ಆ ಮಾತ್ರೆ ಶುರುವಾಯಿತು. ಎರಡು ವರ್ಷ ಒದ್ದಾಡಿ ತಮ್ಮ ಉಳಿದ. ಈಗ ಮತ್ತೆ ಕೆಲಸಕ್ಕೆ ಹೋಗುತ್ತಾನೆ.

ಅವರ ಕಥೆ ತಿಳಿದದ್ದು ಆಮೇಲೆ, ಗುಬ್ಬಿಯ ನಮ್ಮ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ. ಗಂಡನ ಕಾಯಿಲೆಯನ್ನು ಮೊದಲು ಕಂಡದ್ದು ಅವರೇ, ತಮ್ಮದೇ ಮೈಕ್ರೋಸ್ಕೋಪಿನಲ್ಲಿ. ಇದೇ ಡಾಕ್ಟರ ಹತ್ತಿರ ಕರೆತಂದರು. ಏಳು ತಿಂಗಳಿಗೆ ಕಾಯಿಲೆ ಮರುಕಳಿಸಿತು. ಬೆಂಗಳೂರಿಗೆ ಒಯ್ದಾಗ ಅಲ್ಲಿ ಮೊದಲ ಸಲ ಜೀನ್ ನೋಡಿದರು. ಮಾತ್ರೆ ಇರುವ ಜಾತಿಯೇ ಆಗಿತ್ತು. ಆದರೆ ನುಂಗುವ ಶಕ್ತಿ ಗಂಡನಿಗೆ ಉಳಿದಿರಲಿಲ್ಲ.

ತಿಥಿ ಮುಗಿಸಿ ಹೋಗಿ, ಯಾಕೆ ಬರೆಯಲಿಲ್ಲ ಅಂತ ಡಾಕ್ಟರನ್ನು ಕೇಳಿದರಂತೆ. ಅಷ್ಟು ಖರ್ಚು ನಿಮ್ಮ ಕೈಲಿ ಆಗಲ್ಲ ಅಂದುಕೊಂಡೆ ಅಂದರಂತೆ ಅವರು.

"ನನ್ನ ಹವಾಯಿ ಚಪ್ಲಿ ನೋಡಿ ತೀರ್ಮಾನ ಮಾಡವ್ನೆ. ಆಗುತ್ತೋ ಇಲ್ವೋ ಅಂತ ನನ್ನ ಕೇಳಿದ್ನಾ?"

ದೂರು ಕೊಟ್ಟರು, ಅದು ವಜಾ ಆಯಿತು. ಮುಂಚಿತವಾಗಿ ನಿವೃತ್ತಿ ತೆಗೆದುಕೊಂಡು ಪ್ರತಿ ಸೋಮವಾರ ಡಾಕ್ಟರ ರೂಮಿನ ಹೊರಗಿನ ಹಾಲಿನಲ್ಲಿ ಬಂದು ಕೂರತೊಡಗಿದರು. ಸೆಕ್ಯೂರಿಟಿಯವರು ಹೊರಗೆ ಹಾಕಿದರೆ ಗೇಟಿನೆದುರು ಎಳನೀರಿನ ಗಾಡಿ ಪಕ್ಕ ನಿಂತು, ಹೊಸಬರನ್ನು ತಡೆದು ಗಂಡನ ಎರಡು ರಿಪೋರ್ಟು, ಜೀನ್ ನೋಡದ ಇಲ್ಲಿನದು, ನೋಡಿದ ಬೆಂಗಳೂರಿನದು, ತೋರಿಸುತ್ತಿದ್ದರು. ಒಬ್ಬೊಬ್ಬರಾಗಿ ಒಳಗೆ ಹೋದವರೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದರು. ಒಂದು ಸಲ ನಾನು, ದೊಡ್ಡ ಸೇವೆ ಮೇಡಂ ನಿಮ್ಮದು, ಅಂದುಬಿಟ್ಟೆ. ಅವರ ಮುಖ ಕೆಂಪಾಯಿತು.

"ಸೇವೆ ಅಲ್ಲ ಕಣಮ್ಮ, ಸೇಡು. ಸೋಮ್ವಾರ ಬಂದ್ರೆ ಅವ್ನಿಗೆ ನಮ್ಮೆಜಮಾನ್ರು ನೆನಪಾಗ್ಬೇಕು."

ಕೊನೆಗೊಂದು ದಿನ ಡಾಕ್ಟರೇ ಒಳಗೆ ಕರೆಸಿದರು. ನಾನೂ ಜೊತೆಗಿದ್ದೆ. ತಪ್ಪಾಯಿತು, ಇನ್ನು ಬರಬೇಡಿ ಅಂತ ಕೈ ಮುಗಿದರು. ನನಗೆ ಅಯ್ಯೋ ಅನ್ನಿಸಿತು, ಮೇಡಂಗೆ ಅನ್ನಿಸಲಿಲ್ಲ. ಕ್ಷಮಿಸಬೇಕಾದವರು ಈಗಿಲ್ಲ ಅಂದರು. ಬದಲಿಗೆ ಹಾಲಿನಲ್ಲಿ ಬೋರ್ಡು ಹಾಕಿಸಿ ಅಂದರು: ಟೆಸ್ಟಿನ ಹೆಸರು, ಕಡಿಮೆ ಖರ್ಚಿನಲ್ಲಿ ಎಲ್ಲಿ ಆಗುತ್ತದೆ ಅನ್ನುವುದು, ಬರೆಯದಿದ್ದರೆ ಕೇಳಿ ಅನ್ನುವ ಸಾಲು. ಹದಿನೈದು ದಿನಕ್ಕೆ ಬೋರ್ಡು ಬಂತು. ಮುಂದಿನ ಸೋಮವಾರ ಮೇಡಂ ಅದರ ಕೆಳಗೇ ಬಂದು ಕೂತರು.

ಹೋದ ವರ್ಷ ಅವರ ಹೃದಯ ಕೈಕೊಟ್ಟಿತು. ಮಕ್ಕಳಿರಲಿಲ್ಲ; ಟೀಚರಾದ ನಾನೇ ಸ್ಕೂಲಿಗೆ ರಜೆ ಹಾಕಿ ಕುಣಿಗಲ್‌ನ ಅವರ ಮನೆಯಲ್ಲಿದ್ದೆ. ಉಸಿರು ಹಿಡಿದು ಹಿಡಿದು ಹೇಳಿದರು: "ಅವ್ನು ಬಂದ್ರೆ ಒಳಗ್ ಬುಡಬ್ಯಾಡ. ಸತ್ತ ಮೇಲೂ ಅಷ್ಟೇ."

ವಾರಕ್ಕೆ ಹೋಗಿಬಿಟ್ಟರು. ಮಾರನೇ ಬೆಳಿಗ್ಗೆ ಹತ್ತರ ಹೊತ್ತಿಗೆ ಡಾಕ್ಟರು ಬಂದೇ ಬಂದರು, ಕೈಯಲ್ಲಿ ದೊಡ್ಡ ಸುಗಂಧರಾಜದ ಹಾರ. ನಾನು ಬಾಗಿಲಿಗೆ ಅಡ್ಡ ನಿಂತು, ಮೇಡಂ ಬೇಡ ಅಂದಿದ್ದಾರೆ ಅಂದೆ. ನನ್ನ ತಮ್ಮನಿಗೆ ಔಷಧಿ ಕೊಟ್ಟ ಕೈಯೂ ಅದೇ. ಅದು ಗೊತ್ತಿದ್ದೇ ನಿಂತೆ.

ಅವರು ಬಿಸಿಲಲ್ಲೇ ನಿಂತರು. "ಈಗ ಎಲ್ರಿಗೂ ಆ ಟೆಸ್ಟ್ ಬರೀತಿದೀನಲ್ಲಮ್ಮ," ಅಂದರು.

"ಗೊತ್ತು ಸರ್," ಅಂದೆ. "ಅವ್ರ ಯಜಮಾನ್ರಿಗೆ ಬರೀಲಿಲ್ವಲ್ಲ."