ಕೇಳಿ ತೆಗೆದುಕೊಂಡ ರಕ್ತ

ಅವರ ಬೆರಳ ತುದಿಗಳು ಯಾವಾಗಲೂ ನೆನೆಸಿದ ಅವಲಕ್ಕಿಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಬೆಳಗಿನಿಂದ ಮಧ್ಯಾಹ್ನದವರೆಗೆ ರಬ್ಬರಿನ ಗ್ಲೌಸು ಹಾಕಿಕೊಂಡೇ ಇರುವವರ ಬೆರಳು ಹಾಗಾಗುತ್ತದಂತೆ. ದಿನವೆಲ್ಲ ಪಾತ್ರೆ ತೊಳೆಯುವ ನನ್ನ ಬೆರಳೂ ಹಾಗೇ ಇದ್ದದ್ದರಿಂದ, ಮೊದಲ ಸಲ ಶುಗರ್ ಪರೀಕ್ಷೆಗೆಂದು ಅವರ ಮುಂದೆ ಕೈ ಚಾಚಿ ಕೂತಾಗ ನನ್ನ ಹೆದರಿಕೆ ಅರ್ಧ ಇಳಿದುಹೋಗಿತ್ತು.

ನಂಜನಗೂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೋಣೆ ನೋಡಿಕೊಳ್ಳುತ್ತಿದ್ದವರು ಅವರು. ಊರಿನವರೆಲ್ಲ ಲ್ಯಾಬ್ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸೋಮನಾಥಪುರದ ಕಡೆಯ ಒಕ್ಕಲು ಮನೆತನದ ಹೆಂಗಸು. ಓದಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾಗಿದ್ದರೂ ಮಾತು ಮಾತ್ರ ಊರಿನದೇ. ಪದದ ಮೊದಲಿನ ಹಕಾರ ಅವರ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ನನ್ನ ಯಜಮಾನರು ಮೊದಲ ಸಲ ಹೋದಾಗ ಅವರು "ಎಸ್ರು ಏಳಿ" ಎಂದರಂತೆ, ಇವರು ಕುರ್ಚಿ ಬಿಟ್ಟು ಎದ್ದು ನಿಂತರಂತೆ. "ಕೂತ್ಕೊಂಡೇ ಏಳಿ ಯಜಮಾನ್ರೆ" ಎಂದು ಅವರು ನಗದೆ ಹೇಳಿದ್ದನ್ನು ಇವರು ಇಂದಿಗೂ ನಟಿಸಿ ತೋರಿಸುತ್ತಾರೆ.

ಹೆಸರು ಕೇಳುವುದು ಅವರು ಎಂದೂ ಬಿಡದ ಅಭ್ಯಾಸ. ಎಷ್ಟೇ ಪರಿಚಯದವರಾಗಿರಲಿ, ಸೂಜಿ ಮುಟ್ಟುವ ಮೊದಲು ಹೆಸರು, ಅಪ್ಪನದೋ ಗಂಡನದೋ ಹೆಸರು, ವಯಸ್ಸು ನಮ್ಮ ಬಾಯಲ್ಲೇ ಹೇಳಿಸಬೇಕು. ಟ್ಯೂಬಿನ ಮೇಲೆ ಅದನ್ನು ಬರೆದು ಮುಗಿಸುವವರೆಗೆ ನಾವು ಕುರ್ಚಿಯಿಂದ ಏಳುವಂತಿಲ್ಲ. ತಿಂಗಳಿಗೊಮ್ಮೆ ಹೋಗುತ್ತಿದ್ದ ನನಗೆ ಒಂದು ದಿನ ಬೇಸರವಾಯಿತು.

"ನನ್ನ ಗುರುತು ಸಿಗಲಿಲ್ವಾ ಮೇಡಂ?"

"ನಂಗ್ ಸಿಕ್ತದೆ ಕಣಮ್ಮ. ಈ ಟ್ಯೂಬ್‌ಗೆ ಸಿಕ್ಕಲ್ಲ. ಏಳಿ."

ಈ ಹಟ ನಮ್ಮ ಮನೆಯನ್ನು ಕಾಪಾಡುತ್ತದೆ ಎಂದು ಆಗ ನನಗೇನು ಗೊತ್ತು.

ನನಗೊಬ್ಬ ಅಣ್ಣನಿದ್ದ. ಕಳಲೆಯಲ್ಲಿ ಒಂದೇ ಮನೆಯಲ್ಲಿ ಬೆಳೆದವರು ನಾವು. ಮದುವೆ ಮನೆಗಳಿಗೆ ಅಡುಗೆಗೆ ಹೋಗುತ್ತಿದ್ದ. ತಾನು ಮಾತ್ರ ಮದುವೆಯಾಗಲಿಲ್ಲ. ಐವತ್ತು ದಾಟಿದ ಮೇಲೆ ಸ್ವಲ್ಪ ಮರೆವು ಶುರುವಾಗಿತ್ತು. ಒಮ್ಮೆ ಹಾಸನದ ಕಡೆ ಅಡುಗೆಗೆಂದು ತಂಡದ ಜೊತೆ ಹೋದವನು, ದಾರಿಯಲ್ಲಿ ಬಸ್ಸು ನಿಂತಾಗ ಎಲೆ ಅಡಿಕೆ ತರುತ್ತೇನೆಂದು ಇಳಿದ. ಮತ್ತೆ ಹತ್ತಲಿಲ್ಲ. ದೂರು ಕೊಟ್ಟೆವು, ಫೋಟೊ ಕೊಟ್ಟೆವು, ಶ್ರೀಕಂಠೇಶ್ವರನಿಗೆ ಹರಕೆ ಹೊತ್ತೆವು. ಮೂರು ವರ್ಷ ಕಳೆಯಿತು.

ಆಮೇಲೊಂದು ದಿನ ಪೊಲೀಸರಿಂದ ಫೋನು ಬಂತು. ತಿರುಮಕೂಡಲು ನರಸೀಪುರದಲ್ಲಿ, ನಮ್ಮ ಕಪಿಲೆ ಕಾವೇರಿಗೆ ಸೇರುವ ಜಾಗದ ಹತ್ತಿರ, ಒಂದು ಗಂಡಸಿನ ಹೆಣ ಸಿಕ್ಕಿದೆ, ಮುಖ ಗುರುತು ಹಿಡಿಯುವ ಹಾಗಿಲ್ಲ, ಹೆಗಲ ಮೇಲೆ ಜನಿವಾರದಂಥ ದಾರವಿದೆ ಎಂದರು. ಸಂಬಂಧಿಕರು ರಕ್ತ ಕೊಟ್ಟರೆ ಡಿಎನ್ಎ ಹೋಲಿಸಿ ನೋಡುತ್ತಾರಂತೆ. ಮನೆಯಲ್ಲಿ ಯಾರಿಗೂ ಹೇಳದೆ, ದೇವರ ಮುಂದೆ ಒಂದು ನಿಮಿಷ ನಿಂತು, ಆಸ್ಪತ್ರೆಗೆ ಹೋದೆ. ಕಾನ್‌ಸ್ಟೇಬಲ್ ಒಬ್ಬರು ಫಾರಂ ತುಂಬುತ್ತಾ "ಅವರು ನಿಮಗೇನಾಗ್ಬೇಕು?" ಎಂದರು. ಅಣ್ಣ ಎಂದೆ. ಅವರು ಸಹೋದರ ಎಂದು ಬರೆದುಕೊಂಡರು.

ಮೇಡಂ ಫಾರಂ ಓದಿ ತಲೆ ಎತ್ತಿದರು. "ಅಣ್ಣ ಅಂದ್ರೆ ಯಾವಣ್ಣ?"

"ಅಣ್ಣ ಅಂದ್ರೆ ಅಣ್ಣ ಮೇಡಂ. ಒಟ್ಟಿಗೆ ಬೆಳೆದವರು."

"ಬೆಳೆದಿದ್ದಲ್ಲ ನಾನ್ ಕೇಳಿದ್ದು. ಒಂದೇ ಒಟ್ಟೇಲಿ ಉಟ್ಟಿದ್ದಾ?"

"ಅಲ್ಲ. ದೊಡ್ಡಪ್ಪನ ಮಗ."

ಅವರು ಕೈಯಲ್ಲಿದ್ದ ಸೂಜಿಯನ್ನು ಟ್ರೇಗೆ ಇಟ್ಟುಬಿಟ್ಟರು. "ಪುಣ್ಯಾತ್ಗಿತ್ತಿ, ಈ ಕಾಗ್ದ ಇಂಗೇ ಓಗಿದ್ರೆ? ಒಡಹುಟ್ಟಿದೋರ ರಕ್ತ ಅಂತ ಅಲ್ಲಿ ಓಲ್ಸಿ ನೋಡ್ತಾರೆ, ಒಂದಲ್ಲ ಅಂತ ಬರೀತಾರೆ. ಅದು ನಿಮ್ಮಣ್ಣನೇ ಆಗಿದ್ರೂ ಅಲ್ಲ ಅಂತಾಗೋಯ್ತಿತ್ತು. ಯಾರೋ ದಿಕ್ಕಿಲ್ದೋನು ಅಂತ ಮಣ್ಣು ಮಾಡ್ಬುಡೋರು."

ಕಾನ್‌ಸ್ಟೇಬಲ್ ಪೆಚ್ಚಾದರು. "ಅವ್ರೇ ಅಣ್ಣ ಅಂದ್ರಲ್ಲ ಮೇಡಂ."

"ನಿಂದೇನ್ ತಪ್ಪಿಲ್ಲ ಬುಡಪ್ಪ. ನಮ್ ಮಾತೇ ಅಂಗೆ, ಎಲ್ರೂವೆ ಅಣ್ಣತಮ್ಮದೀರೇ. ಅವರ ಎತ್ತ ತಾಯಿ ಬದುಕವ್ರಾ?"

ಇದ್ದರು. ನನ್ನ ದೊಡ್ಡಮ್ಮ, ಎಪ್ಪತ್ತೆಂಟು ವರ್ಷ. ಅಣ್ಣ ಕಾಣೆಯಾದ ಮೇಲೆ ನಂಜನಗೂಡಿಗೆ ಕರೆತಂದು ನಮ್ಮ ಜೊತೆಯಲ್ಲೇ ಇಟ್ಟುಕೊಂಡಿದ್ದೆವು. ಗೇಟಿನ ಚಿಲಕ ಸದ್ದಾದರೆ ಜಪ ನಿಲ್ಲಿಸಿ ತಿರುಗಿ ನೋಡುತ್ತಿದ್ದ ಜೀವ ಅದು. ಅವರಿಗೆ ಈ ಹೆಣದ ಸುದ್ದಿ ಹೇಗೆ ಹೇಳುವುದು? ನಾನು ಮೇಡಂ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದೆ. "ಹೇಗೂ ಅವರ ಶುಗರ್ ನೋಡಬೇಕು. ಅದಕ್ಕೆ ಅಂತ ಹೇಳಿ ಇದಕ್ಕೂ ತಗೊಂಡುಬಿಡಿ ಮೇಡಂ."

"ಏಳ್ದೆ ತಗೊಂಡ್ರೆ ಅದು ಕದ್ದ ರಕ್ತ. ನಾನ್ ಮುಟ್ಟಲ್ಲ."

"ಅವರ ಒಳ್ಳೇದಕ್ಕೇ ತಾನೇ?"

"ಕಾಯ್ತಿರೋರು ಅವ್ರು. ಇಚಾರ ಅವರದ್ದು. ಮೈಯೂ ಅವರದ್ದು. ಮಧ್ಯದಲ್ಲಿ ನಾನೂ ನೀವೂ ಯಾರು?"

ನನಗೆ ಕೋಪ ಬಂತು. ಕಣ್ಣಲ್ಲಿ ನೀರೂ ಬಂತು. ಇಂಥ ರಕ್ತವನ್ನು ಹೇಗೆ ತೆಗೆಯಬೇಕು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಸರ್ಕಾರ ಒಂದು ಕಾನೂನು ತರುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಆಮೇಲೆ ಆ ಮಸೂದೆ ವಾಪಸಾಯಿತು ಎಂದೂ ಬಂತು. ದೊಡ್ಡವರ ಮಟ್ಟದಲ್ಲೇ ತೀರ್ಮಾನವಾಗದ ವಿಷಯಕ್ಕೆ ಈಕೆಯೊಬ್ಬರಿಗೆ ಯಾಕಿಷ್ಟು ಕಟ್ಟುನಿಟ್ಟು ಎಂದು ಮನಸ್ಸಿನಲ್ಲೇ ಬೈದುಕೊಂಡು ಮನೆಗೆ ಬಂದೆ.

ಎರಡು ದಿನ ಬಿಟ್ಟು, ಕೆಲಸ ಮುಗಿಸಿಕೊಂಡು ಅವರೇ ಮನೆಗೆ ಬಂದರು. ಸೂಜಿ ತಂದಿರಲಿಲ್ಲ, ಫಾರಂ ತಂದಿರಲಿಲ್ಲ. ದೊಡ್ಡಮ್ಮ ಮಡಿ ಹೆಂಗಸು. ಇವರನ್ನು ಜಗುಲಿಯಲ್ಲೇ ಕೂರಿಸಲೋ ಒಳಗೆ ಕರೆಯಲೋ ಎಂದು ನಾನು ಒಂದು ಗಳಿಗೆ ತಡವರಿಸಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡಮ್ಮನೇ ನಡುಮನೆಯಿಂದ "ಬಾರಮ್ಮ, ಇಲ್ಲೇ ಕೂತ್ಕೋ" ಎಂದರು. ನಾಚಿಕೆ ಪಡುವುದು ತಪ್ಪಿತಲ್ಲ ಎಂದು ದೇವರಿಗೆ ಕೈಮುಗಿದೆ.

ದೊಡ್ಡಮ್ಮ ಹೂಬತ್ತಿ ಹೊಸೆಯುತ್ತಿದ್ದರು. ಮೇಡಂ ಕೈಕಾಲು ತೊಳೆದು ಬಂದು ಎದುರು ಕೂತು, ತಾವೂ ಒಂದು ಚೂರು ಹತ್ತಿ ತೆಗೆದುಕೊಂಡು ಹೊಸೆಯತೊಡಗಿದರು. ಹತ್ತಿ ಅವರ ಬೆರಳಿಗೆ ಹೊಸದೇನಲ್ಲ. ನಾಲ್ಕು ಬತ್ತಿ ಆಗುವವರೆಗೆ ಊರಿನ ಮಾತು, ಮಳೆಯ ಮಾತು. ಆಮೇಲೆ ಹೇಳಿದರು. "ಅಮ್ಮಾ, ನರಸೀಪುರದ ತಾವ ಒಂದು ದೇಹ ಸಿಕ್ಕದೆ. ನಿಮ್ಮ ಮಗ ಇದ್ರೂ ಇರ್ಬೌದು, ಇಲ್ದೆನೂ ಇರ್ಬೌದು."

ದೊಡ್ಡಮ್ಮನ ಕೈ ನಿಲ್ಲಲಿಲ್ಲ. "ಏನೋ ಇದೆ ಅಂತ ನನಗೆ ಗೊತ್ತಿತ್ತಮ್ಮ. ಇವಳು ಮೂರು ದಿನದಿಂದ ಸಾರಿಗೆ ಉಪ್ಪೇ ಹಾಕ್ತಿಲ್ಲ."

ಆಮೇಲೆ ದೊಡ್ಡಮ್ಮ ಕೇಳಿದ ಪ್ರಶ್ನೆಗಳು ನನಗೆ ಹೊಳೆದೇ ಇರಲಿಲ್ಲ. ಎಷ್ಟು ರಕ್ತ? ಯಾವುದರಲ್ಲಿ ಇಡುತ್ತೀರಿ? ಯಾರು ಯಾರು ನೋಡುತ್ತಾರೆ? ಬೇರೆ ಯಾತಕ್ಕಾದರೂ ಬಳಸುತ್ತಾರೋ? ಮೇಡಂ ಒಂದೊಂದಕ್ಕೂ ಉತ್ತರ ಕೊಟ್ಟರು. ನಾಲ್ಕೇ ತೊಟ್ಟು. ದಪ್ಪ ಬಿಳೀ ಕಾರ್ಡಿನ ಮೇಲೆ ಬಿಟ್ಟು, ಒಣಗಿಸಿ, ಕವರಿನಲ್ಲಿಟ್ಟು ಅರಗಿನ ಮೊಹರು ಹಾಕುವುದು. ಅದಕ್ಕೊಂದು ನಂಬರು. ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗುತ್ತದೆ.

"ಎಷ್ಟು ದಿನ ಇಟ್ಕೋತಾರೆ?"

"ಅದು ನಂಗ್ ಸರ್ಯಾಗಿ ಗೊತ್ತಿಲ್ಲಮ್ಮ. ಗೊತ್ತು ಮಾಡ್ಕೊಂಡು ಏಳ್ತೀನಿ. ಅಲ್ಲೀಗಂಟ ನೀವು ಒಪ್ಕೋಬೇಡಿ."

ಬಿಳಿ ಕೋಟು ಹಾಕಿದವರು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಯಾರು ಯಾರಿಗೋ ಫೋನು ಮಾಡಿ ತಿಳಿದುಕೊಂಡು ಎರಡು ದಿನದ ಮೇಲೆ ಹೇಳಿಕಳಿಸಿದರು. ದೊಡ್ಡಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರ ಎದುರು ಮೇಡಂ ಫಾರಂ ಪೂರ್ತಿ ಗಟ್ಟಿಯಾಗಿ ಓದಿ ಹೇಳಿದರು. "ಕಾಣೆಯಾದ ಮಗನನ್ನು ಗುರುತಿಸುವ ಸಲುವಾಗಿ ಮಾತ್ರ" ಎಂಬ ಸಾಲನ್ನು ಸೇರಿಸಿ ಬರೆಸಿದ್ದರು. ಗುರುತು ಸಿಗುವವರೆಗೆ ಇಡುತ್ತಾರೆ, ಬೇಡವೆನಿಸಿದ ದಿನ ವಾಪಸು ಕೇಳಬಹುದು ಎಂದೂ ಇತ್ತು. ದೊಡ್ಡಮ್ಮ ಸಹಿ ಹಾಕಿ ಬೆರಳು ನೀಡಿದರು. ಕಾರ್ಡು ಜಾರೀತೆಂದು ನಾನು ಹಿಡಿಯಲು ಹೋದರೆ ಮೇಡಂ ಗದರಿದರು. "ಮುಟ್ಬೇಡಿ, ನಿಮ್ದೂ ಸೇರ್ಕೊಂಬುಡ್ತದೆ."

ದೊಡ್ಡಮ್ಮ ಅಂಥ ಹೊತ್ತಿನಲ್ಲೂ ನಕ್ಕರು. "ಐವತ್ತು ವರ್ಷ ಮಡಿ ಮಾಡಿದೀನಿ ಕಣಮ್ಮ, ಇಷ್ಟು ಬಿಗಿ ನಾನೂ ಮಾಡಿರಲಿಲ್ಲ."

"ನಿಮ್ಮ ಮಡೀನ ದೇವ್ರು ಎಂಗಿದ್ರೂ ಒಪ್ಕೋತಾನೆ. ಇದುನ್ನ ಕೋರ್ಟು ಒಪ್ಬೇಕಲ್ಲಮ್ಮ."

ಆ ದೇಹ ನಮ್ಮಣ್ಣನದಲ್ಲ ಎಂದು ಕೆಲವು ತಿಂಗಳ ಮೇಲೆ ಉತ್ತರ ಬಂತು. ನಾನು ಹಿಗ್ಗಿದೆ. ದೊಡ್ಡಮ್ಮ ಹಿಗ್ಗಲಿಲ್ಲ. "ಹಾಗಾದರೆ ಆ ಮಗುವಿನ ತಾಯಿ ಎಲ್ಲಿದಾಳೋ" ಎಂದರು. ಈಗ ಕಾರ್ಡನ್ನು ವಾಪಸು ಕೇಳುತ್ತೀರೋ, ಮುಂದೆ ಎಲ್ಲಾದರೂ ಸಿಕ್ಕಿದರೆ ಹೋಲಿಸಲು ಇರಲಿ ಎನ್ನುತ್ತೀರೋ ಎಂದು ಮೇಡಂ ಮನೆಗೇ ಬಂದು ಕೇಳಿದರು.

"ಇರಲಿ" ಎಂದರು ದೊಡ್ಡಮ್ಮ. "ನಾನು ಇಲ್ಲದೇ ಹೋದರೂ ಅದು ಕಾಯತ್ತಲ್ಲ."

ಮರುವರ್ಷ ಕಾರ್ತಿಕದಲ್ಲಿ ದೊಡ್ಡಮ್ಮ ಹೋದರು. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಗೂ ಬೀಳಲಿಲ್ಲ. ನರಸೀಪುರದ ಸಂಗಮದಲ್ಲಿ ಅಸ್ಥಿ ಬಿಟ್ಟು ಬಂದೆವು. ಅಂದಿನಿಂದ ನನಗೊಂದೇ ಕೊರಗು. ದೇಹದ್ದೆಲ್ಲ ನೀರಿಗೆ ಸೇರಿದ ಮೇಲೆ ನಾಲ್ಕು ತೊಟ್ಟು ರಕ್ತ ಮಾತ್ರ ಎಲ್ಲೋ ಬೀರುವಿನಲ್ಲಿ ಉಳಿಯುವುದು ಸರಿಯೇ? ವಾಪಸು ತರಿಸಿಕೊಡಿ ಎಂದು ಮೇಡಂ ಹತ್ತಿರ ಹೋದೆ. ಅವರು ನಗಲಿಲ್ಲ, ಮೂಢನಂಬಿಕೆ ಎನ್ನಲಿಲ್ಲ.

"ನಿಮ್ ಸಂಕಟ ನಂಗರ್ಥ ಆಯ್ತದೆ. ಆದ್ರೆ ಅದು ನೀವ್ ಕೊಟ್ಟಿದ್ದಲ್ಲ. ಯಾವ ಕೆಲ್ಸಕ್ಕೆ ಅಂತ ಅವ್ರು ಕೊಟ್ರೋ ಆ ಕೆಲ್ಸ ಇನ್ನೂ ಮುಗ್ದಿಲ್ಲ. ತಡ್ಕೊಳಿ."

ತಡೆದುಕೊಂಡೆ. ಅಷ್ಟರಲ್ಲಿ ಅವರು ನಿವೃತ್ತರಾಗಿ ತಮ್ಮ ಊರು ಸೇರಿದರು. ಅದಾಗಿ ವರ್ಷದೊಳಗೆ ಪೊಲೀಸರ ಫೋನು ಮತ್ತೆ ಬಂತು. ಬೇರೊಂದು ಜಿಲ್ಲೆಯ ಆಸ್ಪತ್ರೆಯಲ್ಲಿ, ಅಣ್ಣ ಬಸ್ಸಿಳಿದ ಮರುತಿಂಗಳೇ, ಜ್ವರದಿಂದ ತೀರಿಕೊಂಡಿದ್ದ. ಹೆಸರು ಹೇಳಲು ಆಗದವನೆಂದು ಅಲ್ಲಿಯೇ ಮಣ್ಣು ಮಾಡಿ, ಗುರುತಿಗೆಂದು ಮಾದರಿ ಇಟ್ಟಿದ್ದರು. ಅದು ದೊಡ್ಡಮ್ಮನ ಕಾರ್ಡಿನ ಜೊತೆ ತಾಳೆಯಾಗಿತ್ತು. ಸಾವಿನ ಸುದ್ದಿ ಕೇಳಿ ದೇವರಿಗೆ ಕೈಮುಗಿದೆ ಎಂದರೆ ತಪ್ಪು ತಿಳಿಯಬೇಡಿ. ಅವನು ಬೀದಿಯಲ್ಲಿ ಸಾಯಲಿಲ್ಲ. ಮಂಚವಿತ್ತು, ಯಾರೋ ನರ್ಸು ನೀರು ಕೊಟ್ಟಿರುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ ನಮಗೊಂದು ತಾರೀಕು ಸಿಕ್ಕಿತು. ಪುರೋಹಿತರು ಹಳೆಯ ಪಂಚಾಂಗ ತೆಗೆದು ತಿಥಿ ಹೇಳಿದರು. ಕಾಣೆಯಾದವರ ಕರ್ಮಕ್ಕೆ ಶಾಸ್ತ್ರ ಹೇಳುವ ಹನ್ನೆರಡು ವರ್ಷ ಕಾಯದೆ, ಅವನ ಹೆಸರಿನಲ್ಲಿ ಎಳ್ಳುನೀರು ಬಿಡುವ ದಿನವೊಂದು ನಮ್ಮ ಪಾಲಿಗೆ ಬಂತು. ಫಾರಮಿನಲ್ಲಿ ಸಹೋದರ ಎಂದೇ ಉಳಿದು, ನನ್ನ ರಕ್ತವೇ ಹೋಗಿದ್ದರೆ ಅಣ್ಣ ಇವತ್ತಿಗೂ ಸಿಗುತ್ತಿರಲಿಲ್ಲ.

ಕರ್ಮಗಳು ಮುಗಿದ ಮೇಲೆ ಹಣ್ಣು, ತಾಂಬೂಲ ಹಿಡಿದು ಮೇಡಂ ಊರಿಗೆ ಹೋದೆವು. ಅಂಗಳದಲ್ಲಿ ಹುರುಳಿ ಒಣಹಾಕುತ್ತಿದ್ದರು. ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೆಲ್ಸ ಮುಗೀತಲ್ಲ, ಈಗ ಅಮ್ಮಂದು ತೆಗೆಸ್ಬೇಕು" ಎಂದರು. ತಾವೇ ಅರ್ಜಿ ಬರೆದು, ನನ್ನಿಂದ ಸಹಿ ಹಾಕಿಸಿ, ಸಾಕ್ಷಿ ಎಂದು ತಮ್ಮ ಸಹಿ ಹಾಕಿದರು.

ಉತ್ತರ ಬಂತು. ಕಂಪ್ಯೂಟರಿನಲ್ಲಿದ್ದ ಮಾಹಿತಿಯನ್ನು ಅಳಿಸಲಾಗಿದೆ ಎಂದಿತ್ತು. ಸಂತೋಷದಿಂದ ಒಯ್ದು ತೋರಿಸಿದರೆ ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಕಾರ್ಡೆಲ್ಲೋಯ್ತು?"

"ಅಳಿಸಿದೀವಿ ಅಂದಿದಾರಲ್ಲ ಮೇಡಂ."

"ಬರ್ದಿದ್ದನ್ನ ಅಳ್ಸವ್ರೆ. ರಕ್ತದ ಮಾತೇ ಇಲ್ಲ ಇದ್ರಲ್ಲಿ. ಇನ್ನೊಂದು ಬರೀರಿ."

ಇನ್ನೊಂದು ಅರ್ಜಿ ಬರೆದುಕೊಂಡು ವಾಪಸು ಬರುವ ದಾರಿಯಲ್ಲಿ ನನ್ನ ಯಜಮಾನರು ಗೊಣಗಿದರು. "ಈ ಯಮ್ಮ ಯಮ ಬಂದ್ರೂ ಆರ್ಡರ್ ಕಾಪಿ ತೋರ್ಸು ಅಂತಾರೆ ಕಣೇ." ನಾನೂ ನಕ್ಕೆ. ಮೇಡಂ ತೀರಿಕೊಂಡದ್ದು ನಾವು ನಕ್ಕಿದ್ದಕ್ಕೆ ಅಲ್ಲವೆಂದು ಗೊತ್ತಿದ್ದರೂ ಆ ನಗು ನನ್ನನ್ನು ಚುಚ್ಚುತ್ತದೆ. ಮಾಘ ಮಾಸದಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲವಂತೆ. ನಮಗೆ ತಿಳಿಯುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು.

ಎರಡನೆಯ ಉತ್ತರ ಹೋದ ವಾರ ಬಂತು. ಕಾರ್ಡಿನ ನಂಬರು, ಅದನ್ನು ನಾಶಪಡಿಸಿದ ತಾರೀಕು, ಸಹಿ, ಮೊಹರು, ಎಲ್ಲ ಇದ್ದವು. ಜೊತೆಗೆ ನಾವು ತುಂಬಿ ಕಳಿಸಬೇಕಾದ ಸ್ವೀಕೃತಿಯ ಹಾಳೆ. ಅರ್ಜಿದಾರರ ಸಹಿ ನನ್ನದು. ಅದರ ಕೆಳಗೆ ಸಾಕ್ಷಿಯದು. ಮೊದಲ ಅರ್ಜಿಯಲ್ಲಿ ಆ ಜಾಗದಲ್ಲಿ ಮೇಡಂ ಸಹಿ ಇತ್ತು. ಕೊನೆಗೆ ಯಜಮಾನರನ್ನು ಕರೆದೆ.

ಅವರು ಅವಸರದಲ್ಲಿ ಬಂದು, ಕೈ ಚಾಚಿ, "ಎಲ್ಲಿ ಹಾಕ್ಬೇಕು?" ಎಂದರು.

"ಮೊದಲು ಓದಿ" ಎಂದೆ.

"ನೀನು ಓದಿದೀಯಲ್ಲೇ."

"ಸಹಿ ನಿಮ್ಮದು. ನೀವು ಓದಿ. ಗಟ್ಟಿಯಾಗಿ ಓದಿ."

ನನ್ನ ಮುಖ ನೋಡಿ ಕುರ್ಚಿ ಎಳೆದುಕೊಂಡು ಕೂತರು. ದೊಡ್ಡಮ್ಮನ ಹೆಸರಿನಿಂದ ಹಿಡಿದು ಕೊನೆಯ ಮೊಹರಿನವರೆಗೆ ಓದಿದರು. ಅಲ್ಲಿಯವರೆಗೂ ಪೆನ್ನು ನನ್ನ ಕೈಯಲ್ಲೇ ಇತ್ತು.