ಕೈಬಿಗಿ ಬೋಲ್ಟು

ಹೋದ ಸೋಮವಾರ ಬೆಳಗ್ಗೆ ಬೈಕಿನಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ಹೊರಟಿದ್ದೆ. ಹೈವೇ ಡಿವೈಡರಿನ ಕಬ್ಬಿಣದ ಪಟ್ಟಿ ಒಂದು ಕಡೆ ಬಿಚ್ಚಿಕೊಂಡಿತ್ತು. ಆ ಸಂದಿಯಲ್ಲಿ ಒಬ್ಬ ಹೆಂಗಸು ಒಂದು ಕೈಲಿ ಸೀರೆಯ ನೆರಿಗೆ, ಇನ್ನೊಂದು ಕೈಲಿ ಊಟದ ಬ್ಯಾಗು ಹಿಡಿದು ಎದುರಿನ ಲಾರಿಗಳು ಮುಗಿಯಲಿ ಎಂದು ಕಾಯುತ್ತಿದ್ದರು. ಯಾರಪ್ಪ ಈ ಮಹಾತಾಯಿ, ಜೀವದ ಮೇಲೆ ಆಸೆ ಇಲ್ಲವೇ ಎಂದುಕೊಂಡೆ.

ಹತ್ತಿರ ಹೋದರೆ ನನ್ನ ಹೆಂಡತಿ!

ಗಿರಿಜಾ ಆಚೆ ಬದಿಯ ಹಳ್ಳಿ ಶಾಲೆಯಲ್ಲಿ ಟೀಚರ್. ಬಸ್ಸು ಇಳಿಸುವುದು ಈಚೆ ಬದಿಗೆ. ಬೈಕನ್ನು ಡಿವೈಡರ್ ಪಕ್ಕಕ್ಕೆ ತಂದು (ಅಲ್ಲಿ ನಿಲ್ಲಿಸುವುದೂ ತಪ್ಪೇ) ಕೂಗಿದೆ. "ಇಲ್ಲೇನ್ ಮಾಡ್ತಿದೀಯೇ? ಅಂಡರ್‌ಪಾಸ್ ಇಲ್ವಾ?"

"ಐತ್ರಿ. ಒಂದು ಕಿಲೋಮೀಟ್ರು ಮುಂದೆ, ಮೊಣಕಾಲ ಮಟ ನೀರ್ನಾಗೆ. ಬೆಲ್ ಹೊಡಿಯಾಕೆ ಐದು ನಿಮಿಷ ಐತೆ. ನಿಮ್ ಭಾಷಣ ಸಂಜೀಕ್ ಇಟ್ಕಳ್ರಿ," ಎಂದು ದಾಟಿಯೇ ಬಿಟ್ಟಳು.

ಇದೇ ಸಂದಿಯ ಬಗ್ಗೆ ಈ ಅಂಕಣದಲ್ಲಿ ಮೂರು ಸಲ ಬರೆದಿದ್ದೇನೆ. ಮೂರು ಸಲವೂ ಮುಚ್ಚಿದರು. ಮೂರು ಸಲವೂ ತೆರೆದುಕೊಂಡಿತು. ಆ ಮೂರೂ ಬರಹಗಳ ಕಾಗುಣಿತ ತಿದ್ದಿಕೊಟ್ಟವಳು ಗಿರಿಜಾ.

ಗುರುವಾರ ಅದೇ ದಾರಿಯಲ್ಲಿ ಬರುವಾಗ ರಹಮತ್ ಭಾಯ್ ಪಟ್ಟಿ ಜೋಡಿಸುತ್ತಿದ್ದರು. ಹರಿಹರದ ವೆಲ್ಡರ್. ವಿದ್ಯಾನಗರದ ನಮ್ಮ ಮನೆಯ ಗೇಟು ಅವರದೇ ಕೈಕೆಲಸ. ಈಗ ಗುತ್ತಿಗೆದಾರರೊಬ್ಬರಿಗೆ ಈ ರಿಪೇರಿ ಮಾಡಿಕೊಡುತ್ತಾರೆ.

"ಇದರ ಬದ್ಲು ಕಾಂಕ್ರೀಟ್ ಗೋಡೆ ಕಟ್ಟಬಾರ್ದಾ ಭಾಯ್?"

"ಗೋಡೆ ದುಬಾರಿ, ಪಟ್ಟಿ ಅಗ್ಗ ಅಂತಾರ್ರಿ. ಈ ಅಗ್ಗದ ಕೆಲ್ಸಕ್ಕೆ ನಾ ಎಷ್ಟು ಸಲ ಬಂದೀನಿ, ಲೆಕ್ಕ ಇಟ್ಟೋರ್ ಯಾರು?"

ಕೊನೆಯ ಎರಡು ಬೋಲ್ಟಿಗೆ ಅವರು ಸ್ಪ್ಯಾನರ್ ಹಾಕಲಿಲ್ಲ. ಬೆರಳಲ್ಲೇ ತಿರುಗಿಸಿ ಎದ್ದರು. ಯಾಕೆ ಎಂದೆ.

"ಬಿಗಿ ಮಾಡಿದ್ರೆ ದಾಟೋ ಜನ ಗ್ಯಾಸ್ ಕಟರ್ ತಂದು ಪಟ್ಟೀನೇ ಕೊಯ್ತಾರೆ ಸಾರ್. ಕೊಯ್ದ ತುದಿ ಕತ್ತಿ ಇದ್ದಂಗೆ. ಒಬ್ಬ ಅಜ್ಜನ ತೊಡೀನೇ ಸೀಳಿತ್ತು. ಅದಕ್ಕೇ ಈ ಎರಡು ಕೈಬಿಗಿ. ಬಿಚ್ಕಂಡು ದಾಟ್ಲಿ."

"ಲಾರಿ ಗುದ್ದಿದ್ರೆ?"

"ತಡಿಯಲ್ಲ. ಪಟ್ಟೀನೂ ಲಾರೀನೂ ಆಚೆ ರೋಡಿಗೇ ಹೋಗ್ತಾವೆ," ಎಂದು ಬೀಡಿ ಹಚ್ಚಿದರು.

ಪಟ್ಟಿ ಅಗ್ಗವೋ, ಗೋಡೆ ಅಗ್ಗವೋ? ಕಚೇರಿಗಳಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ನಡೆಯಲಿ. ಅಂಡರ್‌ಪಾಸಿನ ನೀರು ಎತ್ತಲು ಒಂದು ಮೋಟರಿಗೆ ಎಷ್ಟಾಗುತ್ತದೆ? ಇದನ್ನು ಯಾರೂ ಕೇಳಿಲ್ಲ. ಮೂರು ಅಂಕಣ ಬರೆದ ನಾನೂ ಕೇಳಿರಲಿಲ್ಲ. ಸುಸ್ತಾಗುತ್ತದೆ ಕಣ್ರೀ.

"ಮೇಡಮ್ಮೋರು ದಿನಾ ಇಲ್ಲೇ ದಾಟ್ತಾರೆ," ಎಂದರು ರಹಮತ್ ಭಾಯ್. "ನೀವೇ ಹೇಳ್ರಿ ಸಾರ್. ಬಿಗಿ ಮಾಡ್ಲೋ, ಬ್ಯಾಡೋ?"

ಸಂದಿ ಇದ್ದರೆ ದಾಟುತ್ತಾಳೆ. ಇಲ್ಲದಿದ್ದರೆ ಸುತ್ತಿ ಹೋದಾಳು ಎಂದು ಲೆಕ್ಕ ಹಾಕಿದೆ. "ಬಿಗಿ ಮಾಡ್ರಿ," ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಸ್ಪ್ಯಾನರ್ ತೆಗೆದರು.

ಶುಕ್ರವಾರ ಸಂಜೆ ಗಿರಿಜಾ ಮನೆಗೆ ಬಂದಾಗ ಸೀರೆಯ ಅಂಚು ಗೇಣುದ್ದ ಹರಿದಿತ್ತು. ಮೊಣಕಾಲು ತರಚಿತ್ತು.

"ಯಾವನೋ ಮಹಾರಾಯ ಬೋಲ್ಟ್ ಬಿಗಿ ಮಾಡ್ಸಿಬಿಟ್ಟಾನ್ರಿ. ಮೇಲೆ ಹತ್ತಿ ಇಳಿಯೋ ಹೊತ್ಗೆ ಸೀರೆ ಸಿಕ್ಕಂಡು ರೋಡಿಗೇ ಬಿದ್ದೆ. ಬಸ್ಸಿನೋನು ಬ್ರೇಕ್ ಹಾಕ್ದ, ಉಳ್ಕಂಡೆ."

ಗಾಯ ತೊಳೆದು ಮುಲಾಮು ಹಚ್ಚಿದೆ. ಆ ಮಹಾರಾಯ ಯಾರೆಂದು ಹೇಳುವ ಧೈರ್ಯ ಬರಲಿಲ್ಲ.

ಈ ಬರಹದ ಕಾಗುಣಿತವನ್ನು ನಾನೇ ತಿದ್ದಿಕೊಂಡಿದ್ದೇನೆ (ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ). ಗಿರಿಜಾ ಇವತ್ತು ಪೇಪರಿನಲ್ಲೇ ಓದುತ್ತಾಳೆ. ಬೈಯಲಿ. ಸಂಜೆ ಮನೆಗೆ ಬಂದು ಬೈದರೆ, ನನಗೆ ಅಷ್ಟೇ ಸಾಕು.